ಸಿಹಿ ಕಲ್ಲಂಗಡಿಯ ಬೀಜ ಹಾಕಿದರೆ ಸಿಹಿ ಹಣ್ಣೇ ಬರುತ್ತದೆಯೇ?

ಬೇಸಿಗೆ ಬಂತೆಂದರೆ ಕಡೂರು, ತರೀಕೆರೆ, ಅಜ್ಜಂಪುರದ ರಸ್ತೆಬದಿಯಲ್ಲಿ ಕಲ್ಲಂಗಡಿ ರಾಶಿ ಬೀಳುತ್ತದೆ. ತಂದ ಹಣ್ಣು ಸಕ್ಕರೆಯಂತಿದ್ದರೆ ಮನೆಯಲ್ಲಿ ಯಾರಾದರೊಬ್ಬರು ನಾಲ್ಕು ಬೀಜ ತೊಳೆದು ಎತ್ತಿಡುತ್ತಾರೆ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಹಿತ್ತಲಲ್ಲಿ ಹಾಕಿದ ಬೀಜ ಚೆನ್ನಾಗಿಯೇ ಮೊಳೆತು ಮೂರು ಬಳ್ಳಿ ಹಬ್ಬಿದವು. ಆದರೆ ಒಂದರ ಹಣ್ಣು ಸಿಹಿ, ಇನ್ನೊಂದರದು ಸಪ್ಪೆ, ಮೂರನೆಯದರ ಆಕಾರವೇ ಬೇರೆ. 'ಪಕ್ಕದಲ್ಲಿ ಸೌತೆ ಬಳ್ಳಿ ಇತ್ತಲ್ಲ, ಅದಕ್ಕೇ ಹೀಗಾಯ್ತು' ಎಂಬ ತೀರ್ಪು ಬಂತು.

ಸೌತೆಯದು ಏನೂ ತಪ್ಪಿಲ್ಲ. ಎರಡೂ ಕುಂಬಳದ ಕುಟುಂಬಕ್ಕೇ ಸೇರಿದರೂ ಕಲ್ಲಂಗಡಿ ಸಿಟ್ರುಲಸ್ ಕುಲದ್ದು, ಸೌತೆ ಕುಕುಮಿಸ್ ಕುಲದ್ದು. ಒಂದರ ಪರಾಗದಿಂದ ಇನ್ನೊಂದರಲ್ಲಿ ಬೀಜ ಕಟ್ಟುವುದಿಲ್ಲ. ಬೇರೊಂದು ಕಲ್ಲಂಗಡಿ ತಳಿಯ ಪರಾಗವೇ ಬಿದ್ದರೂ ಈ ವರ್ಷದ ಹಣ್ಣು ಸಪ್ಪೆಯಾಗದು. ಏಕೆಂದರೆ ತಿರುಳು, ಸಿಪ್ಪೆ ಎರಡೂ ತಾಯಿ ಬಳ್ಳಿಯವು. ಬೆರಕೆ ಅಡಗಿ ಕೂರುವುದು ಬೀಜದೊಳಗೆ. ಅದು ಗೊತ್ತಾಗುವುದು ಆ ಬೀಜ ಬಿತ್ತಿ ಹಣ್ಣು ಕೊಯ್ದಾಗ.

ನಮ್ಮ ಹಿತ್ತಲಲ್ಲಿ ಆದದ್ದಕ್ಕೆ ಕಾರಣ ಇನ್ನೂ ಸರಳ. ಮಾರುಕಟ್ಟೆಯ ಹಣ್ಣು ಬಹುಪಾಲು ಹೈಬ್ರಿಡ್, ಅಂದರೆ ಎರಡು ಬೇರೆ ತಳಿಗಳನ್ನು ಕೂಡಿಸಿದ ಮೊದಲ ಪೀಳಿಗೆ. ಈ ಪೀಳಿಗೆಯ ಹಣ್ಣುಗಳೆಲ್ಲ ಅಚ್ಚು ಹಾಕಿದಂತೆ ಒಂದೇ ಥರ ಇರುತ್ತವೆ. ಅವುಗಳ ಬೀಜ ಬಿತ್ತಿದರೆ ಅಜ್ಜ ಅಜ್ಜಿಯರ ಗುಣಗಳು ಬಿಡಿಬಿಡಿಯಾಗಿ ಒಂದೊಂದು ಬಳ್ಳಿಯಲ್ಲಿ ಒಂದೊಂದು ರೀತಿ ಹೊರಬರುತ್ತವೆ. ಹೈಬ್ರಿಡ್ ಬೀಜ ಮೊಳೆಯುವುದೇ ಇಲ್ಲ ಎನ್ನುವುದೂ ಸುಳ್ಳು. ಲಾರಿ ತುಂಬಿಸಬೇಕಾದ ರೈತರಿಗೆ ಒಂದೇ ಗಾತ್ರದ ಹಣ್ಣು ಬೇಕು. ಅವರು ಪ್ರತಿವರ್ಷ ಹೊಸ ಬೀಜ ಕೊಳ್ಳುವುದರಲ್ಲಿ ಅರ್ಥವಿದೆ. ಹಿತ್ತಲಿಗೆ ಆ ಕಟ್ಟುಪಾಡಿಲ್ಲ.

ಹಿತ್ತಲಿಗೆ ಬೇಕಾದ್ದು ತಲೆಮಾರಿನಿಂದ ತಲೆಮಾರಿಗೆ ಅದೇ ಗುಣ ಉಳಿಸಿಕೊಳ್ಳುವ ತಳಿ. ಅದನ್ನೇ ನಾವು ನಾಟಿ ಎನ್ನುವುದು. ಹಾಗೆ ನೋಡಿದರೆ ಕಲ್ಲಂಗಡಿಯ ತವರು ಆಫ್ರಿಕಾ. 2021ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು ಸುಡಾನಿನ ಕೊರ್ಡೋಫಾನ್ ಕಲ್ಲಂಗಡಿಯನ್ನು ಇದರ ಅತಿ ಹತ್ತಿರದ ನೆಂಟನೆಂದು ಗುರುತಿಸಿತು. ಮನೆಯಲ್ಲಿ ಹಳೆಯ ಬೀಜ ಇಲ್ಲದವರು ಅಮೆರಿಕದಿಂದ ಬಂದ ಶುಗರ್ ಬೇಬಿ ಅಥವಾ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮಾಣಿಕ್‌ನಿಂದ ಶುರುಮಾಡಬಹುದು. ಎರಡೂ ಹೈಬ್ರಿಡ್ ಅಲ್ಲ, ಬೀಜ ಎತ್ತಿಡಬಹುದು.

ಹಳೆಯ ಬೀಜ ಇದ್ದವರಿಗೆ ಅಪಾಯ ಬರುವುದು ಜೇನಿನಿಂದ. ಪಕ್ಕದ ಹೊಲದಲ್ಲಿ ಹೈಬ್ರಿಡ್ ಹೂಬಿಟ್ಟಿದ್ದರೆ ಅದರ ಪರಾಗ ನಿಮ್ಮ ಬಳ್ಳಿಗೂ ಬರುತ್ತದೆ. ಜೇನು ಕಿಲೋಮೀಟರ್ ದಾಟಿ ಹಾರಬಲ್ಲದು, ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲ. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಆಕಳು ಯಾವುದೆಂದು ನೋಡಿದರಷ್ಟೇ ತಳಿ ಉಳಿಯದು, ಹೋರಿ ಯಾವುದೆಂಬುದೂ ಗೊತ್ತಿರಬೇಕು ಎಂದು ಆ ಸೀಮೆಯವರಿಗೆ ಹೇಳಬೇಕಿಲ್ಲ. ಕಲ್ಲಂಗಡಿಯದೂ ಅದೇ ಲೆಕ್ಕ.

ಹಾಗಾಗಿ ಪರಾಗಸ್ಪರ್ಶವನ್ನು ಕೈಯಾರೆ ಮಾಡಬೇಕು. ಸಂಕ್ರಾಂತಿ ಕಳೆದು ಚಳಿ ಇಳಿದ ಮೇಲೆ ಬೀಜ ಊರಿ. ತಣ್ಣಗಿನ ಮಣ್ಣಿನಲ್ಲಿ ಮೊಳಕೆ ತಡ. ಒಂದೇ ಬಳ್ಳಿಯಲ್ಲಿ ಗಂಡು, ಹೆಣ್ಣು ಹೂ ಬೇರೆ ಬೇರೆ ಇರುತ್ತವೆ. ಬುಡದಲ್ಲಿ ಪುಟ್ಟ ಹೀಚು ಇರುವುದು ಹೆಣ್ಣು. ನಾಳೆ ಅರಳಲಿರುವ, ತುದಿ ಹಳದಿಗೆ ತಿರುಗಿದ ಒಂದೆರಡು ಹೆಣ್ಣು ಮೊಗ್ಗು, ಅಷ್ಟೇ ಗಂಡು ಮೊಗ್ಗುಗಳ ತುದಿಯನ್ನು ಸಂಜೆಯೇ ದಾರದಿಂದ ಮೃದುವಾಗಿ ಕಟ್ಟಿ. ಬೆಳಗ್ಗೆ ಬಿಸಿಲೇರುವ ಮೊದಲು ಗಂಡು ಹೂ ಕಿತ್ತು, ಎಸಳು ಬಿಡಿಸಿ, ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿನ ತುದಿಗೆ ಸುತ್ತಲೂ ಸವರಿ. ಮತ್ತೆ ಕಟ್ಟಿಬಿಡಿ. ತೊಟ್ಟಿಗೆ ಬಣ್ಣದ ದಾರ ಗುರುತಿಗಿರಲಿ. ಮೊದಲ ದಿನ ನನಗೆ ಒಂದೂ ಕಾಯಿ ಕಚ್ಚಲಿಲ್ಲ. ಹತ್ತು ಗಂಟೆಗೆ ಎದ್ದು ಹೋದರೆ ಇನ್ನೇನಾದೀತು!

ಬೀಜಕ್ಕೆ ಬಿಟ್ಟ ಹಣ್ಣು ಪೂರ್ತಿ ಮಾಗಲಿ. ತೊಟ್ಟಿನ ಬಳಿಯ ಸುರುಳಿ ಕುಡಿ ಒಣಗಿ, ನೆಲಕ್ಕೆ ತಾಗಿದ ಭಾಗ ಹಳದಿಯಾದ ಮೇಲೆ ಕೊಯ್ಯಿರಿ. ಬೀಜ ತೊಳೆದು ನೆರಳಲ್ಲಿ ಒಣಗಿಸಿ. ಬಗ್ಗಿಸಿದರೆ ಬಾಗದೆ ಮುರಿದರೆ ಒಣಗಿದೆ ಎಂದರ್ಥ. ಗಾಳಿಯಾಡದ ಡಬ್ಬಿಯಲ್ಲಿ, ತಂಪಾದ ಜಾಗದಲ್ಲಿಟ್ಟರೆ ನಾಲ್ಕು ವರ್ಷವಾದರೂ ಮೊಳೆಯುವ ಶಕ್ತಿ ಇರುತ್ತದೆ. ಮನೆಯಲ್ಲಿರುವುದು ಒಂದೇ ಹಿಡಿ ಹಳೆಯ ಬೀಜವಾದರೆ ಎಲ್ಲವನ್ನೂ ಒಂದೇ ವರ್ಷ ಬಿತ್ತಬೇಡಿ. ಈ ಸಲ ಬೆರಕೆಯಾಗಿದ್ದರೆ ತಿಳಿಯುವುದು ಮುಂದಿನ ಬೇಸಿಗೆಗೆ, ಆಗ ಹಿಂತಿರುಗಲು ಅರ್ಧ ಹಿಡಿ ಡಬ್ಬಿಯಲ್ಲಿರಬೇಕು.