ಬಂದೂಕಿನ ಕಾಗದಕ್ಕೆ ಕನ್ನಡ ಬೇಡವೇ?

ಗಡಿನಾಡ ಕನ್ನಡಿಗರ ಹಕ್ಕೆಂದರೆ ಶಾಲೆ, ಸಮ್ಮೇಳನ, ಬಸ್ಸಿನ ಬೋರ್ಡು, ಇಷ್ಟೇ ಎಂದು ನಮ್ಮ ಸಂಘಗಳು ತಿಳಿದಂತಿದೆ. ನಾನು ಎತ್ತುವ ಪ್ರಶ್ನೆ ಬಂದೂಕಿನದು. ಕಾಸರಗೋಡಿನ ಕಡೆ ನೀವು ಕೋವಿ ಎನ್ನುತ್ತೀರಿ. ಹೆಸರು ಯಾವುದಾದರೂ ಇರಲಿ, ಅದರ ಕಾಗದ ಓದಲಾರದವನು ಜೈಲು ಕಾಣಬಹುದು.

ನನ್ನದು ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಮಾಡಗ್ಯಾಳ. ಕುರಿಯ ತಳಿಯೊಂದಕ್ಕೆ ಹೆಸರು ಕೊಟ್ಟ ಊರು. ಹೊಲದಲ್ಲೇ ಮನೆ ಮಾಡಿಕೊಂಡವರಿದ್ದಾರೆ. ಅಂಥ ಒಂಟಿ ಮನೆಯಲ್ಲಿ ಹಿರಿಯರ ಕಾಲದ ಬಂದೂಕು ಲೈಸೆನ್ಸಿನ ಮೇಲೆ ಇದ್ದರೆ ತಪ್ಪಲ್ಲ. ಆದರೆ "ಅಪ್ಪನ ಬಂದೂಕ ಮಗಂದ" ಎಂಬ ಮಾತು ಹೊಲಕ್ಕೆ ಸಲ್ಲುತ್ತದೆ, ಬಂದೂಕಿಗೆ ಸಲ್ಲದು. ಲೈಸೆನ್ಸು ಮನುಷ್ಯನದು, ಮನೆತನದ್ದಲ್ಲ.

1959ರ ಶಸ್ತ್ರಾಸ್ತ್ರ ಕಾಯಿದೆ ಹೇಳುವುದು ಸ್ಪಷ್ಟವಿದೆ. ಕೊಳ್ಳುವವನು ಮೊದಲು ಲೈಸೆನ್ಸು ಪಡೆಯಬೇಕು. ಅದಕ್ಕೆ ಪೊಲೀಸರ ವರದಿ ಬೇಕು. ಮಾರುವ ಅಂಗಡಿಯವನಿಗೂ ಸರಕಾರದ ಲೈಸೆನ್ಸು ಇರಬೇಕು. ಕೊಳ್ಳುವವನ ಲೈಸೆನ್ಸು ನೋಡದೆ ಅವನು ಬಂದೂಕು ಕೊಡುವಂತಿಲ್ಲ. ಸ್ವಂತ ಬಂದೂಕನ್ನು ಇನ್ನೊಬ್ಬ ಲೈಸೆನ್ಸುದಾರನಿಗೆ ಮಾರುವವನು ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಯಜಮಾನ ತೀರಿಕೊಂಡರೆ ಮನೆಯವರು ತಡಮಾಡದೆ ಅದನ್ನು ಠಾಣೆಯಲ್ಲೋ ಲೈಸೆನ್ಸುದಾರ ಅಂಗಡಿಯಲ್ಲೋ ಒಪ್ಪಿಸಬೇಕು. ಮಗನಿಗೆ ಬೇಕಿದ್ದರೆ ತನ್ನ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. 1962ರ ನಿಯಮಗಳ ಜಾಗಕ್ಕೆ 2016ರಲ್ಲಿ ಹೊಸ ನಿಯಮಗಳು ಬಂದವು. 2019ರ ತಿದ್ದುಪಡಿ ಒಬ್ಬನಿಗೆ ಮೂರಿದ್ದ ಮಿತಿಯನ್ನು ಎರಡಕ್ಕಿಳಿಸಿತು, ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೇರಿಸಿತು.

ಈ ಕಟ್ಟುನಿಟ್ಟಿಗೆ ನನ್ನ ತಕರಾರಿಲ್ಲ. ಬಂದೂಕು ಸಂತೆಯ ಎತ್ತಿನಂತೆ ಕೈಯಿಂದ ಕೈಗೆ ಹೋಗಬಾರದು. ನನ್ನ ತಕರಾರು ಇಷ್ಟೇ: ಇದನ್ನು ನಮ್ಮ ರೈತನಿಗೆ ಅವನ ಭಾಷೆಯಲ್ಲಿ ಹೇಳುವವರು ಯಾರು?

ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆಗಳನ್ನು ನಡೆಸುವುದು ಮಹಾರಾಷ್ಟ್ರದ ಜಿಲ್ಲಾ ಪರಿಷತ್ತೇ. ಅಲ್ಲಿ ಕನ್ನಡ ಕಲಿತವನು ಕಚೇರಿಯ ಮೆಟ್ಟಿಲು ಹತ್ತಿದರೆ ಅವನ ಅಕ್ಷರ ಹೊರಗೇ ಉಳಿಯುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ನಾನು ದಿನವೂ ನೋಡುತ್ತೇನೆ: ಬೆರಳು ತೋರಿಸಿದಲ್ಲಿ ಜನ ಸಹಿ ಹಾಕುತ್ತಾರೆ, ಏನು ಬರೆದಿದೆ ಎಂದು ಕೇಳಲು ನಾಚುತ್ತಾರೆ. ಸಾಲದ ಕಾಗದಕ್ಕೆ ಹಾಗೆ ಸಹಿ ಹಾಕಿದರೆ ದುಡ್ಡು ಹೋದೀತು. ಬಂದೂಕಿನ ಕಾಗದಕ್ಕೆ ಹಾಕಿದರೆ?

"ಮಹಾರಾಷ್ಟ್ರದಾಗ ಇದ್ದಮ್ಯಾಲ ಮರಾಠಿ ಕಲೀರಿ" ಎನ್ನುವವರಿದ್ದಾರೆ. ಕಲಿತಿದ್ದೇವೆ ಸ್ವಾಮಿ, ಸಂತೆಯಲ್ಲಿ, ಎಸ್‌ಟಿ ಬಸ್ಸಿನಲ್ಲಿ ಆಡುತ್ತೇವೆ. ಆದರೆ 'ಹಸ್ತಾಂತರಣ', 'ನೂತನೀಕರಣ' ಸಂತೆಯ ಮಾತಲ್ಲ. ಸಂವಿಧಾನದ 350ನೆಯ ವಿಧಿ ತನ್ನ ಕುಂದುಕೊರತೆಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆದು ಕೊಡುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಹಕ್ಕಿದೆ, ಬಳಸುವವರಿಲ್ಲ.

ಇದು ನಮ್ಮೊಬ್ಬರ ಮಾತಲ್ಲ. 2022ರಲ್ಲಿ ಕೇರಳ ಸರಕಾರ ಬೆಳೆ ತಿನ್ನುವ ಕಾಡುಹಂದಿಗೆ ಗುಂಡು ಹೊಡೆಸುವ ಅಧಿಕಾರವನ್ನು ಪಂಚಾಯತಿಗಳಿಗೆ ಕೊಟ್ಟಿತು. ಹೊಡೆಯುವವನ ಬಳಿ ಲೈಸೆನ್ಸಿನ ಕೋವಿ ಇರಲೇಬೇಕು. ಕಾಸರಗೋಡಿನ ಕನ್ನಡ ಕೃಷಿಕನಿಗೂ ಆ ಕಾಗದದ ಅರ್ಥ ತಿಳಿಯಬೇಕಲ್ಲವೇ?

ಕೇಳುವುದು ದೊಡ್ಡದೇನಲ್ಲ. ಕನ್ನಡ ಹಳ್ಳಿಗಳಿಂದ ಗಿರಾಕಿ ಬರುವ ಬಂದೂಕಿನ ಅಂಗಡಿಯವರು ಈ ನಿಯಮಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಲಿ. ಠಾಣೆಯಲ್ಲೂ ಅದೇ ಹಾಳೆ ಇರಲಿ. ಅವರು ಮಾಡದಿದ್ದರೆ ನಮ್ಮ ಸಂಘಗಳು ಮಾಡಲಿ. ಒಂದು ಸಮ್ಮೇಳನದ ಹಾರತುರಾಯಿಯ ಖರ್ಚಿನಲ್ಲಿ ತಾಲೂಕಿಗೆಲ್ಲ ಹಂಚಬಹುದು. ವೇದಿಕೆಯಲ್ಲಿ ಮಾತ್ರ ಉಳಿದ ಕನ್ನಡ ಅಲಂಕಾರ. ಠಾಣೆಯ ಮೇಜಿನ ಮೇಲೆ ರೈತನನ್ನು ಕಾಯುವ ಕನ್ನಡ ನಮಗೆ ಬೇಕು.