ಸಿಮೆಂಟಿಗೆ ಬೂದಿ: ಕಲಬೆರಕೆಯೇ?

ಮನೆ ಕಟ್ಟಿಸುವವರು ಸಿಮೆಂಟ್ ಚೀಲದ ಮೇಲೆ ‘ಪೋರ್ಟ್‌ಲ್ಯಾಂಡ್ ಪೊಜೊಲಾನಾ’ ಎಂಬ ಬರಹ ಕಂಡು ಅಂಗಡಿಯಲ್ಲಿ ವಿಚಾರಿಸಿದರೆ, ‘ಇದರಲ್ಲಿ ಬೂದಿ ಸೇರಿದೆ’ ಎಂಬ ಉತ್ತರ ಬರುತ್ತದೆ. ದುಡ್ಡು ಕೊಟ್ಟು ಬೂದಿ ಕೊಳ್ಳುವುದೇ ಎಂಬ ಅನುಮಾನ ಸಹಜ. ಆದರೆ ಇದು ಕಲಬೆರಕೆಯಲ್ಲ.

ಇದು ಒಲೆಯ ಬೂದಿಯೂ ಅಲ್ಲ. ರಾಯಚೂರು ಬಳಿಯ ಶಕ್ತಿನಗರದಲ್ಲಿರುವಂಥ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲನ್ನು ನುಣ್ಣಗೆ ಪುಡಿಮಾಡಿ ಉರಿಸುತ್ತಾರೆ. ಆಗ ಹೊಗೆಯೊಡನೆ ಮೇಲೇರುವ ಅತಿ ಸೂಕ್ಷ್ಮ ಕಣಗಳೇ ಹಾರುಬೂದಿ. ಚಿಮಣಿ ಸೇರುವ ಮೊದಲೇ ಅದನ್ನು ಹಿಡಿದು ಶೇಖರಿಸಲಾಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಸಾಮಾನ್ಯವಾಗಿ ಶೇಕಡಾ 30ರಿಂದ 45. ಬಳಸದೆ ಬಿಟ್ಟರೆ ಅದು ಹೊಂಡಗಳಲ್ಲಿ ರಾಶಿ ಬಿದ್ದು ಗಾಳಿ, ನೀರುಗಳನ್ನು ಕೆಡಿಸುತ್ತದೆ.

ಸಿಮೆಂಟಿಗೆ ನೀರು ಬೆರೆತಾಗ ಮರಳಿನ ಕಣಗಳನ್ನು ಬಂಧಿಸುವ ಅಂಟು ಉಂಟಾಗುತ್ತದೆ. ಜೊತೆಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣವೂ ಹುಟ್ಟುತ್ತದೆ. ಈ ಸುಣ್ಣದಿಂದ ಗಾರೆಗೆ ಬಲವಿಲ್ಲ; ನೀರು ಜಿನುಗಿದರೆ ಕರಗಿ ಹೊರಬರುತ್ತದೆ. ಹಾರುಬೂದಿಯಲ್ಲಿರುವ ಸಿಲಿಕಾ ಇದೇ ಸುಣ್ಣದೊಡನೆ ವರ್ತಿಸಿ ಇನ್ನಷ್ಟು ಅಂಟನ್ನು ಕೊಡುತ್ತದೆ. ಗಾರೆಯ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ.

ಈ ಗುಟ್ಟು ನಮ್ಮ ಹಿರಿಯರಿಗೆ ಗೊತ್ತಿತ್ತು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುರ್ಕಿ ಗಾರೆ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದು ಮಾಡುವ ಈ ಗಾರೆಯಲ್ಲೂ ನಡೆಯುವುದು ಇದೇ ಕ್ರಿಯೆ.

ಭಾರತೀಯ ಮಾನಕದ ಪ್ರಕಾರ ಈ ಬಗೆಯ ಸಿಮೆಂಟಿನಲ್ಲಿ ಹಾರುಬೂದಿ ಶೇಕಡಾ 15ರಿಂದ 35ರವರೆಗೆ ಇರಬಹುದು. ಕಬ್ಬಿಣದ ಊದುಕುಲುಮೆಯಿಂದ ಬರುವ ಕಿಟ್ಟವನ್ನೂ ಹೀಗೆಯೇ ಬಳಸುತ್ತಾರೆ. ಇದರಿಂದ ಪರಿಸರಕ್ಕೂ ಲಾಭವಿದೆ. ಸಿಮೆಂಟಿಗಾಗಿ ಸುಣ್ಣದಕಲ್ಲನ್ನು ಜೇಡಿಯೊಡನೆ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಆಗ ಇಂಧನದಿಂದಲ್ಲದೆ ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಸಿಮೆಂಟಿನ ಒಂದು ಪಾಲು ಬೂದಿಯಾದರೆ ಅಷ್ಟು ಕಲ್ಲು, ಅಷ್ಟು ಉರಿ ಉಳಿಯುತ್ತದೆ.

ಆದರೆ ಎರಡು ಎಚ್ಚರಿಕೆ ಅಗತ್ಯ. ಬೂದಿಯ ಕೆಲಸ ನಿಧಾನ; ಮೊದಲ ದಿನಗಳಲ್ಲಿ ಬಲ ಕಡಿಮೆ, ತಿಂಗಳುಗಳು ಕಳೆದಂತೆ ಹೆಚ್ಚು. ಸಾಧಾರಣ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕಾದರೆ, ಬೂದಿ ಬೆರೆತದ್ದಕ್ಕೆ ಕನಿಷ್ಠ 10 ದಿನ ಬೇಕು. ಗೋಡೆಯ ಗಾರೆಗೂ ಇದೇ ತಾಳ್ಮೆ ಸಲ್ಲುತ್ತದೆ. ಮೂರೇ ದಿನಕ್ಕೆ ನೀರು ನಿಲ್ಲಿಸಿ, ಗಾರೆ ಉದುರಿದಾಗ ಬೂದಿಯನ್ನು ದೂರುವುದು ನ್ಯಾಯವಲ್ಲ. ಎರಡನೆಯದಾಗಿ, ಕಾರ್ಖಾನೆಯಲ್ಲೇ ಬೂದಿ ಬೆರೆತ ಸಿಮೆಂಟಿಗೆ ಕೆಲಸದ ಜಾಗದಲ್ಲಿ ಮತ್ತೆ ಬೂದಿ ಸೇರಿಸಬಾರದು. ಹಾಗೆ ಅಳತೆ ಮೀರಿ ಬೆರೆಸಿದರೆ ಅದು ನಿಜಕ್ಕೂ ಕಲಬೆರಕೆಯೇ.