ಕೇಳಿದ್ದು ಕೋಣೆಯಲ್ಲೇ ಉಳಿಯಲಿ

ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿನಂತಹ ಊರುಗಳಲ್ಲಿ ಗುಟ್ಟೆಂಬುದು ಬಹುಕಾಲ ಉಳಿಯುವುದಿಲ್ಲ. ಶೇಂಗಾ ಮಂಡಿಯಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಯ ಹೊತ್ತಿಗೆ ಬಸ್ ನಿಲ್ದಾಣ ತಲುಪಿರುತ್ತದೆ. ಇಂತಹ ಊರಿನಲ್ಲಿ ಒಬ್ಬ ಮನುಷ್ಯ ತನ್ನ ಕುಡಿತವನ್ನೋ, ಸಾಲವನ್ನೋ, ಮನೆಯೊಳಗಿನ ಜಗಳವನ್ನೋ ನಾಲ್ಕು ಜನರೆದುರು ಹೇಳಿಕೊಳ್ಳುತ್ತಾನೆಂದರೆ ಅದು ಸಾಮಾನ್ಯ ಧೈರ್ಯವಲ್ಲ.

ಕ್ರೈಸ್ತ ಬಂಧುಗಳು ವಾರದ ನಡುವೆ ಒಂದು ಮನೆಯಲ್ಲಿ ಏಳೆಂಟು ಮಂದಿ ಸೇರಿ, ವೇದ ಓದಿ, ಪ್ರಾರ್ಥಿಸಿ, ತಮ್ಮ ಕಷ್ಟಗಳನ್ನು ಹಂಚಿಕೊಳ್ಳುವ ಪದ್ಧತಿಯನ್ನು ಓದುಗರಲ್ಲಿ ಹಲವರು ಕಂಡಿರಬಹುದು. ನಾನು ಆ ಮತದವನಲ್ಲ. ಆದರೆ ಶಾಲೆಯಲ್ಲಿ ಜೊತೆಗಿದ್ದ ಕ್ರೈಸ್ತ ಉಪಾಧ್ಯಾಯ ಮಿತ್ರರಿಂದ ಆ ಕೂಟಗಳ ಒಳಹೊರಗನ್ನು ತಕ್ಕಮಟ್ಟಿಗೆ ಬಲ್ಲೆ. ಅವುಗಳನ್ನು ನಡೆಸುವವರಿಗೆ ಇರಬೇಕಾದ ಮೊದಲ ಗುಣ ಪಾಂಡಿತ್ಯವಲ್ಲ, ವಾಕ್ಚಾತುರ್ಯವೂ ಅಲ್ಲ. ಕೇಳಿದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವ ಶಕ್ತಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಪದ್ಧತಿಯ ಚರಿತ್ರೆ ಸ್ವಾರಸ್ಯಕರವಾದುದು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ಪ್ರಾರ್ಥನಾ ಮಂದಿರದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ಕೊಡಲು ಒಪ್ಪಿದರು. ಹನ್ನೆರಡು ಜನರಿಗೊಬ್ಬನಂತೆ ಹಣ ಕೂಡಿಸುವವನನ್ನು ಗೊತ್ತುಮಾಡಿದರು. ಆತ ಮನೆಮನೆಗೆ ಹೋದಾಗ ಕಂಡದ್ದು ಹಣಕ್ಕಿಂತ ಹೆಚ್ಚಾಗಿ ಜನರ ದುಃಖ. ಹೀಗೆ ವಸೂಲಿಗಾರನೇ ಕ್ರಮೇಣ ಕಷ್ಟಸುಖ ವಿಚಾರಿಸುವ ನಾಯಕನಾದ. ವೆಸ್ಲಿಯನ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಗೂ ಬಂದರು. 1947ರಲ್ಲಿ ಅವರ ಸಭೆಗಳು ದಕ್ಷಿಣ ಇಂಡಿಯಾ ಸಭೆಯಲ್ಲಿ ಸೇರಿದವು. ವಾರದ ಕಂತು ಎಂದರೆ ಬೆಚ್ಚಿಬೀಳುವ ಇಂದಿನ ನಮ್ಮ ಹಳ್ಳಿಯವರಿಗೆ, ಕಂತು ವಸೂಲಿಗೆ ಬಂದವನು ಕಣ್ಣೀರು ಒರೆಸುವವನಾದನೆಂಬ ಈ ಸಂಗತಿ ವಿಚಿತ್ರವಾಗಿ ಕಂಡೀತು.

ಎರಡನೆಯ ಉದಾಹರಣೆ 1935ರದು. ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘವನ್ನು ಹುಟ್ಟುಹಾಕಿದರು. ಅದರ ಬೇರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದಲ್ಲಿತ್ತು. ಅಲ್ಲಿ ಯಾರೂ ಯಜಮಾನರಲ್ಲ, ಹೆಸರನ್ನು ಹೊರಗೆ ಹೇಳುವಂತಿಲ್ಲ. ನಮ್ಮ ರಾಜ್ಯದಲ್ಲೇ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಮದ್ಯವರ್ಜನ ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳನ್ನು ರಚಿಸುತ್ತಾರೆ. ಮತ ಬೇರೆ, ದೇವರ ಹೆಸರು ಬೇರೆ. ಆದರೆ ಬಿದ್ದವನನ್ನು ಎಬ್ಬಿಸಲು ಬಿದ್ದು ಎದ್ದವನೇ ಬೇಕೆಂಬ ತಿಳಿವಳಿಕೆ ಒಂದೇ.

ಕ್ರೈಸ್ತರ ಗ್ರಂಥದಲ್ಲೇ ಇದಕ್ಕೊಂದು ಪಾಠವಿದೆ. ಮೊಳಕಾಲ್ಮೂರಿಗೆ ನೆರೆಯಾದ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ 1810ರಲ್ಲಿ ನೆಲೆಸಿ, ಬೈಬಲನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸಕ್ಕೆ ಕೈಹಾಕಿದರು. ಆ ಗ್ರಂಥದಲ್ಲಿ ಬರುವ ಯೋಬನು ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಾಗ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಮೌನವಾಗಿ ಜೊತೆಗೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು, ನಿನ್ನ ಪಾಪದಿಂದಲೇ ಹೀಗಾಯಿತೆಂದು ಉಪದೇಶ ಆರಂಭಿಸಿದ ಕ್ಷಣದಿಂದ ಅವರು ಅವನಿಗೆ ಇನ್ನೊಂದು ಹುಣ್ಣಾದರು.

ಉಪದೇಶಕ್ಕಿಂತಲೂ ಅಪಾಯಕಾರಿಯಾದದ್ದು ಮತ್ತೊಂದಿದೆ. ಅದು ಪ್ರಾರ್ಥನೆಯ ವೇಷದಲ್ಲಿ ಬರುವ ಚಾಡಿ. "ಇಂಥವರ ಮನೆಯಲ್ಲಿ ಹೀಗಾಗಿದೆಯಂತೆ, ಅವರಿಗಾಗಿ ಪ್ರಾರ್ಥಿಸಿರಿ" ಎಂದು ಒಬ್ಬರು ಹೇಳಿದರೆ ಸಾಕು, ಈಗಿನ ವಾಟ್ಸಾಪ್ ಕಾಲದಲ್ಲಿ ಗಳಿಗೆಯಲ್ಲಿ ಊರೆಲ್ಲ ಪ್ರಾರ್ಥಿಸುತ್ತದೆ! ನನಗೆ ಪರಿಚಿತರಾದ ನೇಕಾರರೊಬ್ಬರು ಇಂತಹ ಒಂದು ಕೂಟದಲ್ಲಿ ತಮ್ಮ ಕುಡಿತದ ವಿಷಯ ಹೇಳಿಕೊಂಡಿದ್ದರು. ವಾರ ಕಳೆಯುವುದರೊಳಗೆ ಸುದ್ದಿ ಅವರಿಗೆ ರೇಷ್ಮೆ ಕೊಡುತ್ತಿದ್ದ ಮಾಲೀಕರ ಕಿವಿಗೆ ಬಿತ್ತು. ಮಗ್ಗಕ್ಕೆ ಹಾಸು ಬರುವುದು ನಿಂತಿತು. ಅವರು ಮತ್ತೆ ಆ ಕೂಟಕ್ಕೆ ಹೋಗಲಿಲ್ಲ. ಹೋದದ್ದು ಹಳೆಯ ಅಂಗಡಿಗೇ. ಸುದ್ದಿ ದಾಟಿಸಿದವರಿಗೆ ಕೇಡಿನ ಉದ್ದೇಶವೇನೂ ಇರಲಿಲ್ಲ. ಆದರೂ ಒಂದು ಸಂಸಾರದ ಅನ್ನ ಹೋಯಿತು.

"ಸಭೆಯ ಹಿರಿಯರಿಗೆ ತಿಳಿಯದಿದ್ದರೆ ತಿದ್ದುವುದು ಹೇಗೆ?" ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಹಿರಿಯರಿಗೆ ತಿಳಿಸುವ ಹಕ್ಕು ಕಷ್ಟದಲ್ಲಿರುವವನದು, ಕೇಳಿಸಿಕೊಂಡವನದಲ್ಲ. ನಾಯಕನಾದವನು ಅವನನ್ನು ಒಪ್ಪಿಸಬಹುದು, ಜೊತೆಗೆ ಹೋಗಬಹುದು. ಅವನ ಬೆನ್ನ ಹಿಂದೆ ಹೋಗಬಾರದು.

ಹಾಗೆಂದು ಗುಟ್ಟಿಗೆ ಮಿತಿಯೇ ಇಲ್ಲವೆಂದಲ್ಲ. ಜೀವ ಕಳೆದುಕೊಳ್ಳುವ ಮಾತು ಬಂದಾಗ, ಹೆಂಡತಿ ಮಕ್ಕಳ ಮೇಲೆ ಹಿಂಸೆ ನಡೆಯುವಾಗ ಸುಮ್ಮನಿರುವುದು ವಿಶ್ವಾಸವಲ್ಲ, ದ್ರೋಹ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದೂ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಂತೆ ಅಪರಾಧ. ಬಹುಕಾಲ ವಿಪರೀತ ಕುಡಿದವನು ಒಮ್ಮೆಲೇ ಬಿಟ್ಟರೆ ಫಿಟ್ಸ್, ಸನ್ನಿ ಬಂದು ಪ್ರಾಣಕ್ಕೇ ಸಂಚಕಾರವಾಗಬಹುದಾದ್ದರಿಂದ ವೈದ್ಯರು ಬೇಕೇ ಬೇಕು. ಹಿಂದೆ ಮನೋವೈದ್ಯರೆಂದರೆ ಬೆಂಗಳೂರಿನ ನಿಮ್ಹಾನ್ಸ್ ಎಂಬಂತಿತ್ತು. ಆ ಸಂಸ್ಥೆಯೇ 1980ರ ದಶಕದಲ್ಲಿ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಿಂದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪ್ರಾರ್ಥನೆಗೂ ಔಷಧಕ್ಕೂ ವೈರವಿಲ್ಲ. ಗುಟ್ಟಿನ ಈ ಮಿತಿಗಳನ್ನು ಮೊದಲ ದಿನವೇ ಎಲ್ಲರೆದುರು ಹೇಳಿಬಿಟ್ಟರೆ ಮುಂದೆ ಯಾರಿಗೂ ಮೋಸವಾದಂತಾಗುವುದಿಲ್ಲ.

ಉಳಿದವು ಸಣ್ಣ ಸಂಗತಿಗಳು. ಹತ್ತು ಜನಕ್ಕಿಂತ ಹೆಚ್ಚು ಬೇಡ. ಹೇಳಿದ ಸಮಯಕ್ಕೆ ಆರಂಭವಾಗಲಿ, ಹೇಳಿದ ಸಮಯಕ್ಕೆ ಮುಗಿಯಲಿ. ನಾಯಕನ ಮಾತು ಎಲ್ಲರಿಗಿಂತ ಕಡಿಮೆಯಿರಲಿ. ಹೆಣ್ಣುಮಕ್ಕಳಿಗೆ ಬೇಕೆನಿಸಿದರೆ ಬೇರೆಯೇ ಕೂಟವಿರಲಿ. ಕೂಟದೊಳಗೆ ಕೈಸಾಲದ ವ್ಯವಹಾರ ಖಂಡಿತ ಬೇಡ.

ಸಭಾಪಾಲಕರಲ್ಲಿ ನನ್ನದೊಂದು ವಿನಂತಿ. ನಾಯಕರನ್ನು ಆರಿಸುವಾಗ ಯಾರು ಚೆನ್ನಾಗಿ ಮಾತನಾಡುತ್ತಾರೆಂದು ನೋಡಬೇಡಿರಿ. ಬೀದಿಯಲ್ಲಿ ಯಾರ ಬಾಯಿಂದ ಇನ್ನೊಬ್ಬರ ಮನೆಯ ಸುದ್ದಿ ಎಂದೂ ಹೊರಬಿದ್ದಿಲ್ಲವೋ ಅವರನ್ನು ವಿಚಾರಿಸಿರಿ. ಅವರು ಓದುಬರಹ ಬಾರದ ಒಬ್ಬ ಅಜ್ಜಿಯೇ ಆಗಿದ್ದರೂ ಸರಿ, ಅವರ ಮನೆಯ ಚಾಪೆಯ ಮೇಲೆ ಕೂಟ ನಡೆಯಲಿ.